ಕಾಯಿಲೆ ಶುರುವಾದ ತಾರೀಖು

ಹಗರೆಯ ಬಸವಕುಮಾರನ ಮನೆಯ ನಡುಗಂಬಕ್ಕೆ ಒಂದು ಮೊಳೆ, ಆ ಮೊಳೆಗೆ ಗೇಣುದ್ದದ ಕಬ್ಬಿಣದ ಬೀಗದ ಕೈ. ಅದರಿಂದ ತೆಗೆಯುವ ಬೀಗ ಈಗ ಮನೆಯಲ್ಲಿ ಯಾವುದೂ ಇಲ್ಲ. ಕೊಬ್ಬರಿ ಅಟ್ಟದ ಬಾಗಿಲಿಗೆ ಹಾಕುತ್ತಿದ್ದ ಹಳೆಯ ಬೀಗ ತುಕ್ಕು ಹಿಡಿದು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಬೀಗದ ಕೈ ಉಳಿದದ್ದು ಬೇರೆ ಕಾರಣಕ್ಕೆ. ಮೂರ್ಛೆ ಬಂದು ಬಿದ್ದವರ ಮುಷ್ಟಿಗೆ ಕಬ್ಬಿಣ ಹಿಡಿಸಬೇಕು ಎಂಬುದು ಆ ಕಡೆಯವರ ನಂಬಿಕೆ. ಬಸವಕುಮಾರ ಬಿದ್ದಾಗಲೆಲ್ಲ, ಹನ್ನೆರಡು ವರ್ಷ, ಆ ಬೀಗದ ಕೈಯನ್ನು ಅವನ ಮುಷ್ಟಿಗೆ ತುರುಕಿದವಳು ಅಕ್ಷತಾ, ಅವನ ತೀರಿಹೋದ ತಮ್ಮನ ಹೆಂಡತಿ.

ಅವನ ಹೆಂಡತಿ ದ್ರಾಕ್ಷಾಯಣಿಗೆ ಆ ಹೊತ್ತಿನಲ್ಲಿ ಕೈಕಾಲೇ ಆಡುತ್ತಿರಲಿಲ್ಲ. "ಅಕ್ಷತಾ, ಬಾರೇ" ಎಂದು ಕೂಗುವುದಷ್ಟೇ ಅವಳಿಂದ ಆಗುತ್ತಿದ್ದದ್ದು. ಅಕ್ಷತಾ ಹಾಲು ಕರೆಯುತ್ತಿದ್ದರೆ ಚೊಂಬು ಅಲ್ಲೇ ಇಟ್ಟು, ರೊಟ್ಟಿ ತಟ್ಟುತ್ತಿದ್ದರೆ ಹಿಟ್ಟಿನ ಕೈಯಲ್ಲೇ ಓಡಿ ಬರುವಳು. ಗೋಣಿಚೀಲವನ್ನು ಮೂರು ಮಡಿಕೆ ಮಾಡಿ, ಅಂಚನ್ನು ಒಳಕ್ಕೆ ಮಡಚಿ, ಅವನ ತಲೆಯ ಕೆಳಗೆ ಇಡುವಳು. ಬಾಯಿಯ ನೊರೆ ಒರೆಸಿ, ಅವನು ಕಣ್ಣು ಬಿಡುವವರೆಗೂ ಪಕ್ಕದಲ್ಲಿ ಕೂರುವಳು. ಹಾಗಾಗಿ ಪ್ರತಿ ಸಲವೂ ಎಚ್ಚರವಾದಾಗ ಬಸವಕುಮಾರನಿಗೆ ಮೊದಲು ಕಾಣುತ್ತಿದ್ದದ್ದು ಅವಳ ಮುಖ.

"ಏನಿಲ್ಲ ಭಾವ, ಹೋಯ್ತು. ಇನ್ನೊಂದು ಗಳಿಗೆ ಮಲ್ಕಳಿ."

ಆ ಮಾತು ಕೇಳಿದ ಕೂಡಲೇ ಅವನು ಮತ್ತೆ ಕಣ್ಣು ಮುಚ್ಚುತ್ತಿದ್ದ. ಆಯಾಸಕ್ಕೆ ಎಂದು ಎಲ್ಲರೂ ತಿಳಿದಿದ್ದರು. ಆಯಾಸವಲ್ಲ. ಅವಳ ಮುಖ ನೋಡಲು ಅವನಿಂದ ಆಗುತ್ತಿರಲಿಲ್ಲ.

ಅಕ್ಷತಾಳಿಗೂ ಊರಿಗೂ ಗೊತ್ತಿದ್ದ ಕತೆ ಹೀಗೆ. 2012ರ ಸಂಕ್ರಾಂತಿ ಕಳೆದ ಮೇಲೆ ಅಣ್ಣತಮ್ಮಂದಿರು ಟ್ರ್ಯಾಕ್ಟರಿನಲ್ಲಿ ಕೊಬ್ಬರಿ ತುಂಬಿಕೊಂಡು ಅರಸೀಕೆರೆಯ ಹರಾಜಿಗೆ ಹೊರಟರು. ಅಣ್ಣ ಓಡಿಸುತ್ತಿದ್ದ. ತಮ್ಮ ಅರುಣ್‌ಕುಮಾರ್ ಎಲ್ಲರೂ ಕೂರುವ ಹಾಗೆಯೇ ಮಡ್‌ಗಾರ್ಡಿನ ಮೇಲೆ ಕೂತಿದ್ದ. ಹುಲಿಕೆರೆ ದಾಟಿದ ಮೇಲೆ ಎತ್ತೊಂದು ಅಡ್ಡ ಬಂತು, ಗಾಡಿ ಹಳ್ಳಕ್ಕೆ ಇಳಿಯಿತು. ಅರುಣ್‌ಕುಮಾರ್ ಚಕ್ರದ ಕೆಳಗೆ ಸಿಕ್ಕಿ ಅಲ್ಲೇ ಹೋದ. ಬಸವಕುಮಾರನ ತಲೆಗೆ ಹದಿನಾಲ್ಕು ಹೊಲಿಗೆ ಬಿತ್ತು. ಆ ಪೆಟ್ಟಿನಿಂದಲೇ ಅವನಿಗೆ ಮೂರ್ಛೆ ಶುರುವಾಯಿತು. ಒಂದೇ ಹಳ್ಳ ಒಬ್ಬನ ಜೀವ ತೆಗೆದುಕೊಂಡಿತು, ಇನ್ನೊಬ್ಬನ ಬಾಳು ತೆಗೆದುಕೊಂಡಿತು ಎಂದು ಊರಿನವರು ಇಬ್ಬರಿಗೂ ಒಟ್ಟಿಗೇ ಮರುಗಿದರು.

ಎತ್ತು ಅಡ್ಡ ಬಂದಿರಲಿಲ್ಲ. ಅದು ಬಸವಕುಮಾರನೊಬ್ಬನಿಗೆ ಮಾತ್ರ ಗೊತ್ತಿತ್ತು.

ಅವನು ಸೈನ್ಯದಲ್ಲಿ ಡ್ರೈವರ್ ಆಗಿದ್ದವನು. 1997ರಲ್ಲಿ ಸೇರಿದ. ಬೆಟ್ಟದ ದಾರಿಯಲ್ಲಿ, ಹಿಮದಲ್ಲಿ, ದೊಡ್ಡ ಲಾರಿಗಳನ್ನು ಹನ್ನೊಂದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ. ರಜೆಗೆ ಬಂದಾಗ ಹಗರೆ ಸರ್ಕಲ್ಲಿನಲ್ಲಿ ಬಸ್ಸಿನ ಡ್ರೈವರುಗಳೇ ಅವನನ್ನು ಮಾತಾಡಿಸಿ ಟೀ ಕುಡಿಸುತ್ತಿದ್ದರು. 2008ರ ಚಳಿಗಾಲದಲ್ಲಿ ಲಾರಿ ಜಾರಿ ಕಣಿವೆಯ ಅಂಚಿಗೆ ಬಡಿದು ಅವನ ತಲೆಗೆ ಪೆಟ್ಟಾಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಸರಿಯಾಗಿಯೇ ಹೊರಗೆ ಬಂದ. ಮೂರು ತಿಂಗಳ ನಂತರ, 2009ರ ಫೆಬ್ರವರಿ ಹತ್ತೊಂಬತ್ತರಂದು, ಬ್ಯಾರಕ್ಕಿನಲ್ಲಿ ಷೂ ಹಾಕಿಕೊಳ್ಳುತ್ತಿದ್ದವನು ಹಾಗೆಯೇ ನೆಲಕ್ಕೆ ಬಿದ್ದು ಒದ್ದಾಡಿದ. ಅದು ಮೊದಲ ಸಲ.

ಡಾಕ್ಟರು ಮಾತ್ರೆ ಬರೆದುಕೊಟ್ಟರು, ಇನ್ನು ಗಾಡಿ ಮುಟ್ಟಕೂಡದು ಎಂದರು. ಅವನನ್ನು ರೇಷನ್ ಸ್ಟೋರಿಗೆ ಹಾಕಿದರು. ನಿನ್ನೆ ಮೊನ್ನೆ ಸೇರಿದ ಹುಡುಗರು ಅವನ ಲಾರಿ ಓಡಿಸಿಕೊಂಡು ಹೋಗುವುದನ್ನು ಅವನು ಅಕ್ಕಿಮೂಟೆ ಎಣಿಸುತ್ತ ನೋಡಬೇಕಾಯಿತು. ಎರಡು ವರ್ಷ ಸಹಿಸಿದ. 2011ರ ಮಾರ್ಚಿನಲ್ಲಿ ತಾನಾಗಿಯೇ ಬರೆದುಕೊಟ್ಟು ಹೊರಗೆ ಬಂದ. ಹದಿನೈದು ವರ್ಷ ತುಂಬಿದ್ದರೆ ಪೆನ್ಷನ್ ಸಿಗುತ್ತಿತ್ತು. ತುಂಬಲು ಹತ್ತು ತಿಂಗಳು ಬಾಕಿಯಿತ್ತು.

ಹೊರಗೆ ಕಳಿಸುವಾಗ ಮೆಡಿಕಲ್ ಬೋರ್ಡು ಕಾಯಿಲೆ ಯಾವತ್ತು ಶುರುವಾಯಿತು, ಎಷ್ಟು ಪಾಲು ಅಂಗವೈಕಲ್ಯ ಎಂದೆಲ್ಲ ಬರೆದಿತ್ತು. ಕೆಲವು ತಿಂಗಳಿಗೆ ಕಾಗದವೊಂದು ಬಂತು: ಸ್ವಂತ ಇಚ್ಛೆಯಿಂದ ಬಿಟ್ಟವರಿಗೆ ಅಂಗವೈಕಲ್ಯ ಪಿಂಚಣಿ ಇಲ್ಲ, ಒಪ್ಪಿಗೆಯಿಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಕೊಡಬಹುದು. ಮೇಲ್ಮನವಿ ಎಂದರೆ ಡಾಕ್ಟರ ಕಾಗದ, ಅಂಚೆಯವನು, ಕೊನೆಗೆ ಊರಿಗೆಲ್ಲ ಸುದ್ದಿ. ಅಷ್ಟರಲ್ಲಾಗಲೇ ಅವನು ಕೈಗೆ ಬಂದ ಹಣದಲ್ಲಿ ಟ್ರ್ಯಾಕ್ಟರ್ ತಂದಿದ್ದ. ಮೂರ್ಛೆಯವನ ಕೈಗೆ ಸ್ಟೀರಿಂಗ್ ಕೊಡುವವರು ಯಾರು? ಕಾಗದ ಟ್ರಂಕಿಗೆ ಹೋಯಿತು, ಟ್ರಂಕು ಕೊಬ್ಬರಿ ಅಟ್ಟಕ್ಕೆ ಹೋಯಿತು. ಮಾತ್ರೆಯೂ ಅದರಲ್ಲೇ. ದಿನಾ ಬೆಳಗ್ಗೆ ಕಾಯಿ ನೋಡಿಬರುತ್ತೇನೆಂದು ಅಟ್ಟ ಹತ್ತಿ, ಒಂದು ನುಂಗಿ ಇಳಿಯುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ.

ಅಪಘಾತ ಆದ ಮೇಲೆ ಆ ಟ್ರಂಕನ್ನು ಒಂದು ದಿನ ಹಿತ್ತಿಲಿಗೆ ಇಳಿಸಿ, ಕಾಗದಗಳನ್ನೆಲ್ಲ ತೆಂಗಿನ ಮಟ್ಟೆಯ ಬೆಂಕಿಗೆ ಹಾಕಿದ. ಇನ್ನು ಮೂರ್ಛೆ ಬಂದರೆ ಅದಕ್ಕೆ ಊರೇ ಒಪ್ಪಿದ ಕಾರಣವಿತ್ತು.

ಎಡವಟ್ಟಾದದ್ದು 2019ರಲ್ಲಿ. ಮಾಜಿ ಸೈನಿಕರಿಗೆ ನೌಕರಿ ಬಿಟ್ಟ ಮೇಲೆ ಬಂದ ಕಾಯಿಲೆಗೂ ಪಿಂಚಣಿ ಕೊಡುತ್ತಾರಂತೆ ಎಂದು ಯಾರೋ ಡೈರಿಯಲ್ಲಿ ಅಕ್ಷತಾಳಿಗೆ ಹೇಳಿದರು. ಅವಳು ಕೇಳಿಕೊಂಡು ಬಂದವಳೇ ಹಟ ಹಿಡಿದಳು.

"ದೇಶಕ್ಕೆ ದುಡಿದೋರು ನೀವು. ಸುಮ್ನೆ ಕೂತ್ರೆ ಯಾರ್ ತಂದ್ ಕೊಡ್ತಾರೆ ಭಾವ?"

"ಬೇಡ ಕಣಮ್ಮ, ಅದೆಲ್ಲ ಆಗೋ ಹೋಗೋ ಮಾತಲ್ಲ."

"ನೀವು ಓಡಾಡ್ಬೇಡಿ. ನಾನು ಓಡಾಡ್ತೀನಿ."

ಓಡಾಡಿದಳು. ಠಾಣೆಗೆ ಮೂರು ಸಲ ಹೋಗಿ ಅಪಘಾತದ ದೂರಿನ ನಕಲು ತಂದಳು. ತನ್ನ ಗಂಡನ ಮರಣೋತ್ತರ ವರದಿಯನ್ನು ತಾನೇ ಜೆರಾಕ್ಸ್ ಮಾಡಿಸಿ ಲಗತ್ತಿಸಿದಳು. ಬೇಲೂರಿನಲ್ಲಿ ನೋಟರಿ ಮುಂದೆ ಕೂತು, 'ಅಪಘಾತಕ್ಕೆ ಮೊದಲು ನನ್ನ ಭಾವನವರಿಗೆ ಮೂರ್ಛೆ ಇರಲಿಲ್ಲ, ಅವರು ಪೂರ್ತಿ ಆರೋಗ್ಯವಾಗಿದ್ದರು' ಎಂದು ಪ್ರಮಾಣ ಮಾಡಿ ರುಜು ಹಾಕಿದಳು. ಬಸವಕುಮಾರ ಅರ್ಜಿಯ ಕೆಳಗೆ ತನ್ನ ರುಜು ಹಾಕಿದ. ಬೇಡವೆನ್ನಲು ಅವನ ಬಳಿ ಕಾರಣವಿರಲಿಲ್ಲ, ಇದ್ದ ಒಂದೇ ಕಾರಣವನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಮರುವರ್ಷ ಉತ್ತರ ಬಂತು. ಕಾಯಿಲೆ ಸೇವೆಯಿಂದ ಹೊರಬಂದ ಮೇಲೆ ಖಾಸಗಿ ವಾಹನದ ಅಪಘಾತದಿಂದ ಉಂಟಾಗಿದೆ, ಸೇವೆಗೂ ಅದಕ್ಕೂ ಸಂಬಂಧವಿಲ್ಲ, ಅರ್ಜಿ ತಿರಸ್ಕರಿಸಿದೆ.

ಅಕ್ಷತಾ ಆ ದಿನ ಊಟ ಮಾಡಲಿಲ್ಲ. "ನಂದೇ ತಪ್ಪು ಭಾವ, ಇನ್ನೂ ಸರ್ಯಾಗಿ ಬರೆಸ್ಬೇಕಿತ್ತು" ಎಂದಳು.

2024ರ ಬೇಸಿಗೆಯಲ್ಲಿ ಬಚ್ಚಲ ಒಲೆಗೆ ಸೌದೆ ಹಾಕುತ್ತಿದ್ದಾಗ ಬಸವಕುಮಾರನಿಗೆ ಮೂರ್ಛೆ ಬಂತು. ಬಲಗೈ ಬೆಂಕಿಯೊಳಗೆ ಬಿತ್ತು. ನೋಡಿ ಎಳೆಯುವಷ್ಟರಲ್ಲಿ ಸುಟ್ಟುಹೋಗಿತ್ತು, ಗಾಯ ಮಾಯುತ್ತ ಎರಡು ಬೆರಳು ಸೇರಿಕೊಂಡುಬಿಟ್ಟವು. ಕಾಯಿ ಸುಲಿಯಲಾಗದು, ಹಗ್ಗ ಹಿಡಿಯಲಾಗದು, ಇನ್ನು ಅವನು ಯಾವ ಕೆಲಸಕ್ಕೂ ಒದಗುವವನಲ್ಲ ಎಂದಾಯಿತು. ದ್ರಾಕ್ಷಾಯಣಿ ಅವನನ್ನು ಅರಸೀಕೆರೆಗೆ, ನಿವೃತ್ತ ಸುಬೇದಾರ್ ಜಯದೇವಪ್ಪನವರ ಹತ್ತಿರ ಕರೆದುಕೊಂಡು ಹೋದಳು.

ಜಯದೇವಪ್ಪನವರು ಅಳಿಯನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಮಾಜಿ ಸೈನಿಕರ ಕಾಗದಪತ್ರ ನೋಡಿಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳ.

"ಕೂತ್ಕೊಳಯ್ಯ, ಪೆರೇಡ್ ಮುಗ್ದು ಯಾವ ಕಾಲ ಆಯ್ತು. ಏನಮ್ಮ, ಇವನಿಗೆ ಟೀ ಕುಡ್ಸೋದಲ್ವಾ, ಹಿಂಗೆ ಒಣಗ್ ಹಾಕಿದೀಯ?"

2019ರ ಅರ್ಜಿಯನ್ನು ಕನ್ನಡಕ ಏರಿಸಿ ಓದಿದರು. ಓದುತ್ತ ಅವರ ಮುಖದ ನಗು ಇಳಿಯಿತು. ದ್ರಾಕ್ಷಾಯಣಿಯನ್ನು ಜೆರಾಕ್ಸ್ ತರಲು ಅಂಗಡಿಯ ಮುಂಭಾಗಕ್ಕೆ ಕಳಿಸಿ, ದನಿ ತಗ್ಗಿಸಿದರು.

"ನೋಡು ಕುಮಾರ. ಈ ಪೆನ್ಷನ್ನಿನಲ್ಲಿ ಎರಡು ತಾರೀಖು ಮುಖ್ಯ. ಕಾಯಿಲೆ ಶುರುವಾದ ತಾರೀಖು ಒಂದು, ನೀನು ಕೇಳಿದ ತಾರೀಖು ಒಂದು. ಕಾಯಿಲೆ ನೌಕರಿಲಿದ್ದಾಗ್ಲೇ ಬಂದು, ನೌಕರಿಯಿಂದ್ಲೇ ಬಂದಿದ್ರೆ, ಮನೆಗೆ ಬಂದ ಮಾರನೇ ದಿನದಿಂದ ನಿನಗೆ ಹಕ್ಕೈತೆ. ಆದ್ರೆ ಕೇಳ್ದೆ ವರ್ಷಗಟ್ಲೆ ಸುಮ್ನಿದ್ರೆ, ಕೇಳಿದ ದಿನದಿಂದ ಹಿಂದಕ್ಕೆ ಮೂರು ವರ್ಷ, ಸಾಮಾನ್ಯವಾಗಿ ಅಷ್ಟೇ ಕೊಡೋದು. ನೌಕರಿ ಬಿಟ್ಟ ಮೇಲೆ ಬಂದ ಕಾಯಿಲೆ ಆದ್ರೆ ಅದನ್ನ ನೌಕರಿಗೆ ಗಂಟು ಹಾಕಿ ತೋರಿಸ್ಬೇಕು. ನೀನು ಹಾಕಿದ್ದು ಯಾವುದಕ್ಕೆ? ಟ್ರ್ಯಾಕ್ಟರಿಗೆ! ಸೈನ್ಯದೋರು ಟ್ರ್ಯಾಕ್ಟರಿಗೆ ಪೆನ್ಷನ್ ಕೊಡ್ತಾರೇನ್ಲಾ?"

ಬಸವಕುಮಾರ ಸುಟ್ಟ ಕೈಯನ್ನು ಟವೆಲಿನೊಳಗೆ ಸುತ್ತಿಕೊಂಡ.

"ಒಂದು ಕೇಳ್ತೀನಿ, ನಿಜ ಹೇಳು. ಹನ್ನೊಂದು ವರ್ಷ ಲಾರಿ ಓಡಿಸಿದ ಡ್ರೈವರನ್ನ ರೇಷನ್ ಸ್ಟೋರಿಗೆ ಯಾಕೆ ಹಾಕಿದ್ರು?"

ಬಸವಕುಮಾರ ಅರ್ಜಿಯ ಕಡೆ ನೋಡಿದ. ಜಯದೇವಪ್ಪನವರಿಗೆ ಅಷ್ಟು ಸಾಕಾಯಿತು. ಅವರು ಅರ್ಜಿಯಲ್ಲಿದ್ದ ಅಪಘಾತದ ತಾರೀಖಿನ ಮೇಲೆ ಬೆರಳಿಟ್ಟರು. ಸತ್ತವನ ಹೆಸರು ಓದಿದರು, ಪ್ರಮಾಣಪತ್ರ ಕೊಟ್ಟವಳ ಹೆಸರು ಓದಿದರು.

"ಅಯ್ಯೋ ಶಿವನೇ" ಎಂದರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡರು. "ನಿನ್ ಹತ್ರ ಹಳೇ ಕಾಗದ ಇಲ್ಲ ಅಂತೀಯ. ರೆಕಾರ್ಡ್ ಆಫೀಸಲ್ಲಿ ಇರ್ತದೆ, ಅಲ್ಲಿ ಯಾರೂ ಬೆಂಕಿಗೆ ಹಾಕಿರಲ್ಲ. ನಕಲು ಕೇಳ್ತೀನಿ, ರುಜು ಹಾಕು. ಒಂದು ತಿಂಗಳಲ್ಲಿ ಮನೆಗೆ ಬತ್ತದೆ. ಅಷ್ಟರೊಳಗೆ ಮನೇಲಿ ಹೇಳೋ ಕೆಲಸ ನಿಂದು. ಅದನ್ನ ನಾನ್ ಮಾಡಕ್ಕಾಗಲ್ಲ."

ಬಸವಕುಮಾರ ಎಡಗೈಯಲ್ಲಿ ರುಜು ಹಾಕಿದ. ಹಿಂದಕ್ಕೆ ಹೋಗುವ ಬಸ್ಸಿನಲ್ಲಿ ದ್ರಾಕ್ಷಾಯಣಿ, "ಏನಂದ್ರು ಸಾಹೇಬ್ರು?" ಎಂದು ಕೇಳಿದಳು. "ಕಾಗದ ತರಿಸ್ತಾರಂತೆ" ಎಂದ.

ಮನೆಯಲ್ಲಿ ಹೇಳಲು ಅವನು ದಿನಾ ಹೊರಡುತ್ತಿದ್ದ, ದಿನಾ ನಿಲ್ಲುತ್ತಿದ್ದ. ಅಕ್ಷತಾ ಸುಟ್ಟ ಕೈಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತುವಾಗ ಹೇಳಬೇಕೆಂದು ಬಾಯಿ ತೆರೆದವನು ಹಾಲಿನ ಲೆಕ್ಕ ಕೇಳುತ್ತಿದ್ದ. ಕೊನೆಗೆ ಅವನು ಹೇಳುವ ಯೋಚನೆ ಬಿಟ್ಟು ಕಾಗದವನ್ನು ನಡುದಾರಿಯಲ್ಲೇ ಹಿಡಿಯುವ ಯೋಚನೆ ಮಾಡಿದ. ಬೆಳಗ್ಗೆ ಹತ್ತಕ್ಕೆ ಹಗರೆ ಸರ್ಕಲ್ಲಿನ ಟೀ ಅಂಗಡಿ ಮುಂದೆ ಹೋಗಿ ನಿಲ್ಲುವನು. ಅಂಚೆಯ ಗಂಗಯ್ಯ ಸೈಕಲ್ ನಿಲ್ಲಿಸಿ ತಲೆ ಅಲ್ಲಾಡಿಸುವನು.

"ಇವತ್ತೂ ಇಲ್ಲ ಸಾರ್. ಯಾರದ್ ಸಾರ್, ದಿನಾ ಹಿಂಗೆ ಕಾಯೋ ಅಂಥ ಕಾಗದ? ಅಕ್ಕಾರಿಗೆ ಗೊತ್ತಾ?"

ಟೀ ಅಂಗಡಿಯವರು ನಗುವರು. ಬಸವಕುಮಾರನೂ ನಕ್ಕಂತೆ ಮಾಡುವನು.

ಇಪ್ಪತ್ತಾರನೇ ದಿನ ಅವನು ಹೊಸಿಲು ದಾಟುವಾಗಲೇ ಬಿದ್ದ. ಅಕ್ಷತಾ ಬೀಗದ ಕೈ ಹಿಡಿಸಿದಳು, ಗೋಣಿಚೀಲ ಇಟ್ಟಳು, ಪಕ್ಕದಲ್ಲಿ ಕೂತಳು. ಅವನಿನ್ನೂ ಒದ್ದಾಡುತ್ತಿದ್ದಾಗ ಗಂಗಯ್ಯ ಬಾಗಿಲಿಗೆ ಬಂದ. ದಪ್ಪ ಲಕೋಟೆಗೆ ರುಜು ಹಾಕಿ ತೆಗೆದುಕೊಂಡವಳು ನಂದಿತಾ, ಅಕ್ಷತಾಳ ಮಗಳು.

ನಂದಿತಾ ಬೇಲೂರಿನ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಮನೆಗೆ ಬರುವ ಇಂಗ್ಲಿಷ್ ಕಾಗದವನ್ನೆಲ್ಲ ಓದಿ ಹೇಳುವವಳು ಅವಳೇ. ಅಪ್ಪ ಹೋದಾಗ ಅವಳಿಗೆ ಏಳು ವರ್ಷ. ಆಮೇಲೆ ಅವಳ ಸ್ಕೂಲಿನ ಪೋಷಕರ ಸಭೆಗೆ ಹೋಗುತ್ತಿದ್ದವನು ದೊಡ್ಡಪ್ಪ. ಅವಳು ಲಕೋಟೆ ಒಡೆದು ನಿಂತಲ್ಲೇ ಓದಿದಳು. ಒಳಗೆ ಆಸ್ಪತ್ರೆಯ ಹಾಳೆಗಳು, ಕೊನೆಯಲ್ಲಿ ಮೆಡಿಕಲ್ ಬೋರ್ಡಿನ ವರದಿ. ಕಾಯಿಲೆ ಮೊದಲು ಕಾಣಿಸಿದ ದಿನ, ಸ್ಥಳ, ಕಾರಣ. ಕೆಳಗೆ ಎರಡು ಸಾಲಿನ ಸೂಚನೆ: ಮಾತ್ರೆ ತಪ್ಪಿಸಬಾರದು, ವಾಹನ ಓಡಿಸಬಾರದು. ಅದರ ಕೆಳಗೆ, ಓದಿ ತಿಳಿದುಕೊಂಡಿದ್ದೇನೆ ಎಂದು ದೊಡ್ಡಪ್ಪನ ರುಜು. 2011.

ಬಸವಕುಮಾರ ಕಣ್ಣು ಬಿಟ್ಟಾಗ ಎಂದಿನಂತೆ ಅಕ್ಷತಾಳ ಮುಖ ಕಂಡಿತು. ಅವಳ ಹಿಂದೆ, ಬಾಗಿಲಿನ ಬೆಳಕಿನಲ್ಲಿ, ಹಾಳೆಗಳನ್ನು ಹಿಡಿದ ನಂದಿತಾ ಕಂಡಳು. ಅವಳು ಅವುಗಳನ್ನು ಮಡಚಿ ಲಕೋಟೆಗೆ ಹಾಕಿ ಒಳಗೆ ಹೋದಳು.

ನಾಲ್ಕು ದಿನ ನಂದಿತಾ ಏನೂ ಕೇಳಲಿಲ್ಲ. ಊಟಕ್ಕೆ ಬಡಿಸಿದರೂ ದೊಡ್ಡಪ್ಪನ ತಟ್ಟೆ ಮಾತ್ರ ನೋಡುತ್ತಿದ್ದಳು. ಭಾನುವಾರ ಬೆಳಗ್ಗೆ ಜಯದೇವಪ್ಪನವರು ಕಳಿಸಿದ್ದ ಮೇಲ್ಮನವಿಯ ನಮೂನೆ ಹಿಡಿದು ಜಗಲಿಗೆ ಬಂದಳು. ಅಕ್ಷತಾ ಅಲ್ಲೇ ನೆಟ್ಟಿದ್ದ ಚೂಪು ಕಬ್ಬಿಣಕ್ಕೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದಳು. ದ್ರಾಕ್ಷಾಯಣಿ ಸುಲಿದ ಕಾಯಿಯನ್ನು ಅಟ್ಟಕ್ಕೆ ಹಾಕಲು ಆರಿಸುತ್ತಿದ್ದಳು.

"ದೊಡ್ಡಪ್ಪ, ಎಲ್ಲ ತುಂಬಿಸಿದೀನಿ. ಒಂದು ಕಾಲಂ ಉಳಿದಿದೆ. ಕಾಯಿಲೆ ಮೊದಲು ಕಾಣಿಸಿಕೊಂಡ ದಿನ. ಏನಂತ ಹಾಕ್ಲಿ?"

ಬಸವಕುಮಾರ ಅವಳನ್ನು ನೋಡಿದ. ತಾನೇ ಬರೆದುಬಿಡಬಹುದಿತ್ತು, ಬರೆಯದೆ ತಂದಿದ್ದಾಳೆ. ಇವಳಮ್ಮನ ಮುಂದೆ ತನ್ನ ಬಾಯಿಂದಲೇ ಬರಬೇಕು ಎಂದು ತಂದಿದ್ದಾಳೆ. 2012 ಎಂದರೆ ಬರೆದುಕೊಂಡು ಹೋಗುತ್ತಾಳೆ, ಮೇಲ್ಮನವಿ ಬಿದ್ದುಹೋಗುತ್ತದೆ, ಅಕ್ಷತಾ ನಾಳೆಯೂ ಎಣ್ಣೆ ಹಚ್ಚುತ್ತಾಳೆ. ಆದರೆ ನಂದಿತಾಗೆ ಗೊತ್ತಿರುತ್ತದೆ, ಅದನ್ನು ಹೊತ್ತುಕೊಂಡು ಈ ಹುಡುಗಿ ಬದುಕಬೇಕಾಗುತ್ತದೆ, ತಾನು ಹೊತ್ತ ಹಾಗೆ.

"ಫೆಬ್ರವರಿ ಹತ್ತೊಂಬತ್ತು" ಎಂದ. "ಎರಡು ಸಾವಿರದ ಒಂಬತ್ತು."

ಅಕ್ಷತಾ ತಲೆ ಎತ್ತದೆಯೇ ನಕ್ಕಳು. "ಹನ್ನೆರಡಲ್ವಾ ಭಾವ? ಜನವರಿ ಇಪ್ಪತ್ನಾಕು. ನಿಮ್ಗೆ ಮರ್ತ್ರೂ ನಂಗ್ ಮರೆಯುತ್ತಾ?"

"ಒಂಬತ್ತು ಕಣಮ್ಮ. ಸೈನ್ಯದಲ್ಲಿದ್ದಾಗ್ಲೇ. ಎತ್ತು ಅಡ್ಡ ಬರ್ಲಿಲ್ಲ."

ಕಾಯಿ ಕಬ್ಬಿಣದ ಮೇಲೆ ಅರ್ಧ ಸುಲಿದು ನಿಂತಿತು. ದ್ರಾಕ್ಷಾಯಣಿ ಆರಿಸುವುದನ್ನು ಬಿಟ್ಟು ಗಂಡನ ಕಡೆ ನೋಡಿದಳು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಕ್ಷತಾಳಿಗೆ ಹಿಡಿಯಲಿಲ್ಲ.

"ಡಾಕ್ಟ್ರು ಓಡಿಸ್ಬೇಡ ಅಂದಿರ್ಲಿಲ್ವಾ?"

"ಅಂದಿದ್ರು."

"ಗುಳಿಗೆ ಕೊಟ್ಟಿದ್ರಾ?"

"ಕೊಟ್ಟಿದ್ರು."

"ಆವತ್ತು ತಗೊಂಡಿದ್ರಾ?"

ಜೀವಮಾನದಲ್ಲಿ ಯಾರೂ ಅವನನ್ನು ಕೇಳದ ಪ್ರಶ್ನೆ ಅದು. ಪೊಲೀಸರು ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ. ಅವನೊಬ್ಬನೇ ತನ್ನನ್ನು ತಾನು ಕೇಳಿಕೊಳ್ಳುತ್ತ ಬಂದಿದ್ದ.

"ಇಲ್ಲ" ಎಂದ. "ಗುಳಿಗೆ ಅಟ್ಟದ ಮೇಲೆ ಟ್ರಂಕಲ್ಲಿತ್ತು. ಬೆಳಗ್ಗೆಯಿಂದ ಅರುಣ ಅಟ್ಟದ ಮೇಲೇ ಇದ್ದ, ಕೊಬ್ಬರಿ ಚೀಲ ಇಳಿಸ್ತಿದ್ದ. ಅವನ ಮುಂದೆ ಟ್ರಂಕು ತೆಗೆದ್ರೆ ಏನಣ್ಣ ಅದು ಅಂತಾನೆ ಅಂತ ಸುಮ್ನಾದೆ. ಒಂದು ದಿನಕ್ಕೇನಾಗುತ್ತೆ ಅಂದ್ಕೊಂಡೆ. ಹುಲಿಕೆರೆ ಹತ್ರ ಹೆಬ್ಬೆರಳು ಅದುರ್ತು. ಬರೋದಕ್ಕೆ ಮುಂಚೆ ಹಂಗೆ ಅದುರುತ್ತೆ. ಚಳಿಗೆ ಅಂದ್ಕೊಂಡೆ."

ಅಕ್ಷತಾ ಎದ್ದಳು. ಸೆರಗಿನಿಂದ ಕೈಗೆ ಹತ್ತಿದ ನಾರು ಒರೆಸಿಕೊಂಡಳು. ಒಳಗೆ ಹೋಗಿ ನಡುಗಂಬದ ಮೊಳೆಯಿಂದ ಬೀಗದ ಕೈ ತೆಗೆದು ತಂದು ದ್ರಾಕ್ಷಾಯಣಿಯ ಮಡಿಲಿಗೆ ಹಾಕಿದಳು.

"ಇನ್ಮೇಲೆ ನೀವೇ ಹಿಡ್ಸಿ ಅಕ್ಕ."

ನಂದಿತಾ ಆ ಕಾಲಮ್ಮಿನಲ್ಲಿ ತಾರೀಖು ಬರೆದಳು. ಅಂಕಿಗಳು ದುಂಡಗೆ, ಸ್ಪಷ್ಟವಾಗಿ ಇದ್ದವು.

ಅಷ್ಟಕ್ಕೆ ಮುಗಿಯಲಿಲ್ಲ. ಅಕ್ಷತಾ 2019ರಲ್ಲಿ ಕೊಟ್ಟ ಪ್ರಮಾಣಪತ್ರ ಕಡತದಲ್ಲಿ ಇರುವವರೆಗೂ ಹೊಸ ತಾರೀಖನ್ನು ಯಾರೂ ನಂಬುವುದಿಲ್ಲ, ಅದನ್ನು ಅವಳೇ ಹಿಂತೆಗೆದುಕೊಳ್ಳಬೇಕು ಎಂದು ಜಯದೇವಪ್ಪನವರು ಫೋನಿನಲ್ಲಿ ಹೇಳಿದರು. ಬಸವಕುಮಾರ ಅವಳನ್ನು ಕೇಳಲು ಹೋಗಲಿಲ್ಲ. ಮೇಲ್ಮನವಿ ಅಲ್ಲಿಗೇ ನಿಲ್ಲಲಿ ಎಂದುಕೊಂಡ. ದ್ರಾಕ್ಷಾಯಣಿ ಮೂರು ದಿನ ಅತ್ತು, ನಾಲ್ಕನೇ ದಿನ ತಾನೇ ಹೋಗಿ ಓರಗಿತ್ತಿಯ ಮುಂದೆ ನಿಂತಳು. ಮಾತು ಶುರು ಮಾಡುವ ಮೊದಲೇ ಅಕ್ಷತಾ, "ಯಾವತ್ತು ಬರಬೇಕು ಅಂತ ಕೇಳಿ ಹೇಳಿ" ಎಂದಳು.

ಅರಸೀಕೆರೆಗೆ ಒಂದೇ ಬಸ್ಸಿನಲ್ಲಿ ಹೋದರು. ಬಸವಕುಮಾರ ಹಿಂದಿನ ಸೀಟಿನಲ್ಲಿ, ಅಕ್ಷತಾ ಮುಂದೆ ಹೆಂಗಸರ ಸೀಟಿನಲ್ಲಿ. ಹುಲಿಕೆರೆ ದಾಟಿದ ಮೇಲೆ ಬರುವ ಹಳ್ಳದ ಹತ್ತಿರ ಅವಳು ಯಾವಾಗಲೂ ಕೈ ಮುಗಿಯುತ್ತಿದ್ದಳು. ಆ ದಿನ ಮುಗಿಯಲಿಲ್ಲ, ಕಿಟಕಿಯ ಕಂಬಿ ಹಿಡಿದು ಅದನ್ನೇ ನೋಡುತ್ತ ಹೋದಳು.

ನೋಟರಿ ಓದಿ ಹೇಳಿದ: "ಭಾವನವರಿಗೆ ಮೊದಲೇ ಕಾಯಿಲೆ ಇದ್ದ ವಿಷಯ ನನಗೆ ತಿಳಿಯದೆ, ಆಗ ಹಾಗೆ ಹೇಳಿದ್ದೆ. ಸರಿಯೇನಮ್ಮ?"

"ನನ್ನಿಂದ ಮುಚ್ಚಿಟ್ಟಿದ್ರು ಅಂತ ಬರೀರಿ."

ನೋಟರಿ ಬಸವಕುಮಾರನ ಕಡೆ ನೋಡಿದ. ಬಸವಕುಮಾರ ತಲೆಯಾಡಿಸಿದ. ಹಾಗೆಯೇ ಬರೆದರು. ರುಜು ಹಾಕಿದ ಮೇಲೆ ಜಯದೇವಪ್ಪನವರು ತಡೆಯಲಾರದೆ, "ದೊಡ್ಡ ಮನಸ್ಸು ಕಣಮ್ಮ ನಿಂದು" ಎಂದರು.

"ಮನಸ್ಸೂ ಇಲ್ಲ ಏನೂ ಇಲ್ಲ ಸಾಹೇಬ್ರೇ. ಸುಳ್ಳು ಅಂತ ಗೊತ್ತಾದ ಮೇಲೆ ಅದ್ರ ಕೆಳಗೆ ನನ್ ರುಜು ಇರಬಾರ್ದು, ಅದಕ್ಕೆ ಬಂದೆ."

ಆ ವಾರವೇ ಅವಳು ಒಲೆ ಬೇರೆ ಮಾಡಿದಳು. ಹಜಾರದ ಆ ಕಡೆಯ ಎರಡು ಕೋಣೆಗಳಲ್ಲಿ ಅವಳೂ ಮಗಳೂ, ಈ ಕಡೆ ಇವರಿಬ್ಬರು. ಅಂಗಳ ಒಂದೇ, ಕೊಟ್ಟಿಗೆ ಒಂದೇ, ಅಟ್ಟ ಒಂದೇ. ಊರಿನವರು ಆಸ್ತಿ ಜಗಳ ಎಂದುಕೊಂಡರು, ಹೆಂಗಸರ ಜಗಳ ಎಂದುಕೊಂಡರು. ಬಸವಕುಮಾರ ಟೀ ಅಂಗಡಿಯಲ್ಲಿ ಕೂತು, "ಎತ್ತು ಅಡ್ಡ ಬರ್ಲಿಲ್ಲ, ನಂಗೆ ಫಿಟ್ಸ್ ಬಂತು, ಮೊದ್ಲಿಂದ ಇತ್ತು" ಎಂದು ತಾನೇ ಹೇಳಿದ. ಒಂದು ಸಲ ಹೇಳಿದ್ದು ಸಾಕಾಯಿತು. ಮಾರನೆಯ ದಿನದಿಂದ ಅವನು ಬಂದು ಕೂತ ಬೆಂಚಿನಲ್ಲಿ ಅವನೊಬ್ಬನೇ ಇರುತ್ತಿದ್ದ. ಗಂಗಯ್ಯ ಈಗ ಸೈಕಲ್ ನಿಲ್ಲಿಸದೆ, "ಇಲ್ಲ ಸಾರ್" ಎಂದು ಹೋಗುತ್ತಿದ್ದ.

ಆದೇಶ ಬಂದದ್ದು 2025ರ ನವೆಂಬರಿನಲ್ಲಿ. ಜಯದೇವಪ್ಪನವರು ಓದಿ ಹೇಳಿದರು. ಕಾಯಿಲೆ 2009ರ ಫೆಬ್ರವರಿ ಹತ್ತೊಂಬತ್ತರಂದು, ಸೇವೆಯಲ್ಲಿದ್ದಾಗ, ಸೇವೆಯಲ್ಲಾದ ಪೆಟ್ಟಿನಿಂದಲೇ ಶುರುವಾಯಿತೆಂದು ಒಪ್ಪಲಾಗಿದೆ. ಪಿಂಚಣಿಗೆ ಹಕ್ಕಿದೆ. ಆದರೆ ತಡವಾಗಿ ಕೇಳಿದ್ದರಿಂದ, ಮೊದಲ ಅರ್ಜಿ ಮುಟ್ಟಿದ 2019ರ ಜೂನ್‌ನಿಂದ ಹಿಂದಕ್ಕೆ ಮೂರು ವರ್ಷ, ಅಂದರೆ 2016ರ ಜೂನ್‌ನಿಂದ ಕೊಡತಕ್ಕದ್ದು.

"ನೋಡಿದ್ಯಾ" ಎಂದರು ಜಯದೇವಪ್ಪನವರು. "ಅರ್ಜಿಲಿದ್ದದ್ದು ಸುಳ್ಳು, ಆದ್ರೆ ಕೊಟ್ಟ ದಿನ ನಿಜ. ಆ ಹೆಣ್ಮಗಳು ಆವತ್ತು ಓಡಾಡ್ದೇ ಇದ್ದಿದ್ರೆ ಇನ್ನೂ ಐದು ವರ್ಷ ಹೋಗ್ತಿತ್ತು ನಿಂದು."

"ಮಧ್ಯದ್ದು?"

"ಹನ್ನೊಂದರಿಂದ ಹದಿನಾರರವರೆಗೆ? ಅದಕ್ಕೇನೂ ಇಲ್ಲ ಕಣಯ್ಯ. ಸರ್ಕಾರದ ಪಾಲಿಗೆ ಆ ಐದು ವರ್ಷ ನೀನು ಕೇಳೇ ಇಲ್ಲ."

ಅರುಣ್‌ಕುಮಾರ್ ಹೋದದ್ದು ಆ ಐದು ವರ್ಷದೊಳಗೆ. ಬಸವಕುಮಾರ ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ.

ಬಾಕಿ ಹಣ ಬ್ಯಾಂಕಿಗೆ ಬಂದ ದಿನ ಅವನು ಪಾಸ್‌ಬುಕ್ಕನ್ನು ನಂದಿತಾಳ ಕೈಗೆ ಕೊಟ್ಟು, ನಿನ್ನ ಮುಂದಿನ ಓದಿಗೆ ಎಂದ. ಸಂಜೆ ಅವಳು ಅದನ್ನು ಹಿಂದಕ್ಕೆ ತಂದಳು. "ಅಮ್ಮ ಬೇಡ ಅಂದ್ರು ದೊಡ್ಡಪ್ಪ." ಅದನ್ನು ಜಗಲಿಯ ಮೇಲಿಟ್ಟು, "ನಾನೂ ಬೇಡ ಅಂದೆ" ಎಂದಳು. ದೊಡ್ಡಪ್ಪ ಎಂದು ಕರೆದದ್ದೇ ಅವನಿಗೆ ದೊಡ್ಡದೆನಿಸಿತು.

ಅದಾಗಿ ಹತ್ತು ದಿನಕ್ಕೆ, ಸಂಜೆ, ದ್ರಾಕ್ಷಾಯಣಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿತ್ತು. ಬಸವಕುಮಾರ ಅಂಗಳದಲ್ಲಿ ಒಣಗಿದ ಸೋಗೆ ಎಳೆದು ಹಾಕುತ್ತಿದ್ದಾಗ ಎಡಗೈ ಹೆಬ್ಬೆರಳು ಅದುರಿತು. ಈ ಸಲ ಅವನು ಚಳಿಗೆ ಎಂದುಕೊಳ್ಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ದೂರ ಸರಿದು ನೆಲಕ್ಕೆ ಕೂತ. ಎದುರಿಗೆ ಅಕ್ಷತಾಳ ಬಾಗಿಲು ತೆರೆದಿತ್ತು, ಒಳಗೆ ಅವಳು ರಾಗಿ ಕೇರುತ್ತಿದ್ದ ಮೊರದ ಸದ್ದು ಕೇಳುತ್ತಿತ್ತು. ಕೂಗಲು ಅವನು ಬಾಯಿ ತೆರೆಯಲಿಲ್ಲ. ಮೊರದ ಸದ್ದು ನಿಂತದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಎಚ್ಚರವಾದಾಗ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಎದುರಿಗೆ ಯಾರ ಮುಖವೂ ಇರಲಿಲ್ಲ. ಮುಷ್ಟಿ ಬರಿದಾಗಿತ್ತು. ಅಕ್ಷತಾಳ ಬಾಗಿಲು ಮುಚ್ಚಿತ್ತು, ಒಳಗೆ ಮೊರ ಮತ್ತೆ ಆಡುತ್ತಿತ್ತು.

ಅವನು ಅಂಗಾತ ಅಲ್ಲ, ಎಡ ಮಗ್ಗುಲಿಗೆ ಮಲಗಿದ್ದ. ಕಬ್ಬಿಣದಿಂದ ಏನೂ ಆಗುವುದಿಲ್ಲ, ಹೀಗೆ ಮಗ್ಗುಲಿಗೆ ಹೊರಳಿಸಬೇಕು ಎಂದು ನಂದಿತಾ ಹಿಂದೆ ಎಷ್ಟೋ ಸಲ ಹೇಳುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಅವನು ಕೈ ಊರಿ ಏಳಲು ಹೋದ. ತಲೆಯ ಕೆಳಗೆ ಒರಟಾದದ್ದು ಏನೋ ತಾಗಿತು. ಗೋಣಿಚೀಲ. ಮೂರು ಮಡಿಕೆ, ಅಂಚು ಒಳಕ್ಕೆ ಮಡಚಿತ್ತು.

ಬಸವಕುಮಾರ ಏಳಲಿಲ್ಲ. ದ್ರಾಕ್ಷಾಯಣಿ ಖಾಲಿ ಕ್ಯಾನ್ ಹಿಡಿದು ಬರುವವರೆಗೂ ಅದರ ಮೇಲೆ ಕೆನ್ನೆಯಿಟ್ಟು, ಮುಚ್ಚಿದ ಬಾಗಿಲ ಕಡೆ ನೋಡುತ್ತ ಹಾಗೆಯೇ ಮಲಗಿದ್ದ.